ಎರಡು ಚುಕ್ಕಿಯ ಲಾಸ್ಯ

ಯೋಗೇಂದ್ರನಿಗೆ ಕೊಳಕು ಕಂಡರೆ ಆಗದು. ಮೇಜಿನ ಮೇಲೆ ಒಂದು ಗುಂಡುಸೂಜಿ ಅಡ್ಡ ಬಿದ್ದಿದ್ದರೂ ಅದನ್ನು ಎತ್ತಿ ಡಬ್ಬಿಗೆ ಹಾಕಿದ ಮೇಲೆಯೇ ಅವನಿಗೆ ಕೆಲಸ ಓಡುವುದು. ದೇವರಾಜ ಮೊಹಲ್ಲಾದ ಹಳೇ ಕಟ್ಟಡವೊಂದರ ಮಹಡಿಯಲ್ಲಿ, ಹಳ್ಳಿಯ ಹೆಣ್ಣುಮಕ್ಕಳಿಗೆಂದು ಪುಕ್ಕಟೆ ಹಾಸ್ಟೆಲ್ ನಡೆಸುವ ಟ್ರಸ್ಟಿನ ಕಚೇರಿಯಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಮೂರು ವರ್ಷದಿಂದ ಹಂಗಾಮಿ. ಈ ವರ್ಷ ಖಾಯಂ ಮಾಡುತ್ತೇವೆ ಎಂದು ಕಾರ್ಯದರ್ಶಿ ವಿಜಯ್‌ಕುಮಾರ್ ಹೇಳಿದ್ದರು. ಹೋದ ವರ್ಷವೂ ಹೇಳಿದ್ದರು.

ಈ ಸಲ ಅರ್ಜಿಗಳನ್ನು ಆನ್‌ಲೈನಿನಲ್ಲೇ ತೆಗೆದುಕೊಳ್ಳಬೇಕೆಂದು ಸಮಿತಿ ತೀರ್ಮಾನಿಸಿತ್ತು. ಸದಸ್ಯರೊಬ್ಬರ ಅಳಿಯ ವೆಬ್‌ಸೈಟ್ ಮಾಡಿಕೊಟ್ಟ. ಪುಕ್ಕಟೆ ಮಾಡಿಕೊಟ್ಟದ್ದಕ್ಕೆ ತಕ್ಕ ಹಾಗೇ ಅದು ಇತ್ತು. ಹುಡುಗಿಯರು ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲವನ್ನೂ ಸೇರಿಸಿ ಒಂದು ಫೈಲು ಮಾಡಿ ಕಳಿಸಬೇಕು. ಅವೆಲ್ಲ ಒಂದೇ ಫೋಲ್ಡರಿಗೆ, ಕಳಿಸಿದವರು ಇಟ್ಟ ಹೆಸರಿನಲ್ಲೇ ಬಂದು ಬೀಳುತ್ತಿದ್ದವು. ಆ ಹೆಸರುಗಳೋ, ದೇವರಿಗೇ ಪ್ರೀತಿ. ಒಬ್ಬಳ ಹೆಸರಿಗೆ ಐದು ಅಡ್ಡಗೆರೆ, ಇನ್ನೊಬ್ಬಳದಕ್ಕೆ ಹಿಂದೆ ಮುಂದೆ ಆಶ್ಚರ್ಯಸೂಚಕ, ಮತ್ತೊಬ್ಬಳದಕ್ಕೆ ಬಾಲದಲ್ಲಿ ಚುಕ್ಕಿಗಳ ಸಾಲು. ಒಂದೇ ಚಿಹ್ನೆ ಎರಡು ಸಲ ಒಟ್ಟಿಗೆ ಬಂದರೆ ಸಾಕು, ಅಳಿಯಂದಿರ ವೆಬ್‌ಸೈಟು ಆ ಫೈಲನ್ನು ತೆರೆಯುವುದಿಲ್ಲವೆಂದು ಹಟ ಹಿಡಿದು ಕೂರುತ್ತಿತ್ತು.

"ಇದೇನ್ರೀ ಯೋಗೇಂದ್ರ, ಅರ್ಜಿ ಹಾಕಿದ್ದಾರೋ ರಂಗೋಲಿ ಹಾಕಿದ್ದಾರೋ" ಅಂದರು ವಿಜಯ್‌ಕುಮಾರ್. "ನಾಳೆ ಸಮಿತಿಯವ್ರು ಕೂತು ನೋಡ್ಬೇಕು. ಏನಾದ್ರೂ ಮಾಡಿ."

ಯೋಗೇಂದ್ರ ಮಾಡಿದ. ಆರು ಸಾಲಿನ ಪುಟ್ಟ ಪ್ರೋಗ್ರಾಂ ಬರೆದ. ಎಲ್ಲೆಲ್ಲಿ ಚಿಹ್ನೆ ಮತ್ತೆ ಮತ್ತೆ ಬಂದಿದೆಯೋ ಅಲ್ಲೆಲ್ಲ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸು ಎಂದು ಅದಕ್ಕೆ ಅಪ್ಪಣೆ. ಗುಂಡಿ ಒತ್ತಿ ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿಯುವುದರೊಳಗೆ ಹೆಸರುಗಳೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತವು. ಮೊದಲು ನಾನೂರ ಹನ್ನೆರಡು ಫೈಲುಗಳಿದ್ದವು. ಈಗ ಕೆಳಗೆ ನಾನೂರ ಹನ್ನೊಂದು ಎಂದು ತೋರಿಸುತ್ತಿತ್ತು. ಅದನ್ನು ಅವನು ಕಂಡ. ಕಾಣಲಿಲ್ಲ ಎನ್ನುವಂತಿಲ್ಲ. ಯಾರೋ ಒಂದೇ ಫೈಲನ್ನು ಎರಡು ಸಲ ಕಳಿಸಿರಬೇಕು, ಅದೂ ತೊಲಗಿತು, ಒಳ್ಳೆಯದೇ ಆಯಿತು ಎಂದುಕೊಂಡ. ವಿಜಯ್‌ಕುಮಾರ್ ಬಂದು ನೋಡಿ ಬೆನ್ನು ತಟ್ಟಿದರು. ಅವತ್ತು ಅವನಿಗೆ ಊಟ ಇನ್ನೊಂದು ತುತ್ತು ಹೆಚ್ಚೇ ಸೇರಿತು.

ನಾಲ್ಕು ದಿನ ಕಳೆದು ಮೊದಲ ಪಟ್ಟಿಯನ್ನು ಬೋರ್ಡಿಗೆ ಹಚ್ಚಿದರು. ಅದರ ಮಾರನೆಯ ದಿನ ಬೆಳಿಗ್ಗೆ ಕೆಂಚಮ್ಮ ಎಂಬಾಕೆ ಮಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಬಿಸಿಯೂಟ ಬೇಯಿಸುವವಳು. ಮಗಳು ಲಾಸ್ಯ, ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ಹಾಸ್ಟೆಲ್ ಸಿಕ್ಕರೆ ಮೈಸೂರಿನಲ್ಲಿ ಪಿಯುಸಿ. ಸಿಗದಿದ್ದರೆ, ದಿನಕ್ಕೆರಡೇ ಸಲ ಬಸ್ಸು ಬರುವ ಆ ಊರಿನಲ್ಲಿ ಅವಳ ಓದು ಅಲ್ಲಿಗೇ ಮುಗಿದ ಹಾಗೆ.

"ನಮ್ ಮಗಿನ ಹೆಸ್ರೇ ಇಲ್ಲ ಕಣಪ್ಪ" ಅಂದಳು ಕೆಂಚಮ್ಮ. "ತೊಂಬತ್ತೆರಡು ಪರ್ಸೆಂಟು ತಗಂಡವ್ಳೆ. ಒಸಿ ನೋಡಿ."

ಯೋಗೇಂದ್ರ ನೋಡಿದ. ಅರ್ಜಿ ಇತ್ತು. ಅದರ ಎದುರಿಗೆ 'ದಾಖಲೆ ಲಗತ್ತಿಸಿಲ್ಲ' ಎಂಬ ಷರಾ ಇತ್ತು. ಫೋಲ್ಡರಿನಲ್ಲಿ ಲಾಸ್ಯ ಎಂಬ ಹೆಸರಿನ ಫೈಲು ಒಂದೇ ಒಂದು. ಅದು ಬೇರೆ ಊರಿನ ಬೇರೆ ಲಾಸ್ಯಳದು. ಆ ಹುಡುಗಿಗೆ ಸೀಟೂ ಆಗಿತ್ತು.

"ನೀವು ದಾಖಲೆ ಕಳ್ಸೇ ಇಲ್ಲ."

"ಕಳ್ಸಿದೀವಿ ಸಾರ್" ಅಂದಳು ಹುಡುಗಿ. "ನನ್ ಕಣ್ಮುಂದೇನೇ ಕಳ್ಸಿದ್ರು."

"ಎಲ್ಲಿ ಕಳ್ಸಿದ್ದು?"

"ಕುಂಬಾರಕೊಪ್ಪಲಲ್ಲಿ" ಎಂದು ಕೆಂಚಮ್ಮ ಮುಂದೆ ಬಂದಳು. "ನಮ್ ತಂಗಿ ಮನೆ ಬೀದಿಲಿ. ಬೆಟ್ಟಯ್ಯನೋರ ಇಸ್ತ್ರಿ ಅಂಗಡಿ ಅದಲ್ಲ, ಅದ್ರಲ್ಲೇ ಅವ್ರ ಸೊಸೆ ಕಂಪ್ಯೂಟರ್ ಇಟ್ಟವ್ಳೆ. ಒಳ್ಳೆ ಹೆಣ್ಮಗ."

ಯೋಗೇಂದ್ರ ತಟ್ಟನೆ ಪರದೆಯ ಕಡೆ ತಿರುಗಿಕೊಂಡ. ಬೆಟ್ಟಯ್ಯ ಅವನ ಅಪ್ಪ. ಸೊಸೆ ಎಂದರೆ ಅವನ ಅತ್ತಿಗೆ ಶಾಲಿನಿ. ಆ ಇಸ್ತ್ರಿ ಪೆಟ್ಟಿಗೆಯ ಇದ್ದಿಲ ಬಿಸಿಯಲ್ಲೇ ಅವನು ಬಿಸಿಎ ಓದಿದ್ದು. ಕಚೇರಿಯಲ್ಲಿ ಮಾತ್ರ ಇದು ಒಬ್ಬರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ತಂದೆಯ ಉದ್ಯೋಗ ಎಂಬಲ್ಲಿ 'ವ್ಯಾಪಾರ' ಎಂದು ಬರೆದಿದ್ದ. ಮದುವೆಯಾಗಿ ರಾಜೀವನಗರದಲ್ಲಿ ಬಾಡಿಗೆ ಮನೆ ಹಿಡಿದ ಮೇಲಂತೂ ಕುಂಬಾರಕೊಪ್ಪಲು ಎಂಬ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಊರವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಮಕ್ಕಳನ್ನು ಸಾಕಿದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲವೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ನಾಚುತ್ತಿದ್ದ, ಅದೇ ಅವನ ರೋಗ.

ಪಕ್ಕದಲ್ಲೇ ವಿಜಯ್‌ಕುಮಾರ್ ನಿಂತಿದ್ದರು. ಬೆಂಚಿನ ಮೇಲೆ ಇನ್ನೂ ಐದಾರು ಮಂದಿ ಕೂತಿದ್ದರು. ಈಕೆ ಇನ್ನೊಂದು ಮಾತು ಮುಂದುವರಿಸಿ, ಬೆಟ್ಟಯ್ಯನ ಕಿರಿಮಗ ಇಂಥ ಕಡೆ ಕೆಲಸದಲ್ಲಿದ್ದಾನಂತೆ ಎಂದುಬಿಟ್ಟರೆ? ಅವನಿಗೆ ದಿಗಿಲಾಯಿತು. ದಿಗಿಲು ಬಿದ್ದವನು ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ.

"ಇಸ್ತ್ರಿ ಅಂಗಡಿಲಿ ಅರ್ಜಿ ಹಾಕ್ಸಿದ್ರೆ ಇನ್ನೇನಾಗತ್ತಮ್ಮ? ಬಟ್ಟೆ ಸುಡೋ ಕೈಲಿ ನಿಮ್ಮ ಮಗಳ ಅರ್ಜೀನೂ ಸುಟ್ಟಿದ್ದಾರೆ. ಅಂಥೋರ ಹತ್ರ ಲಂಗ ದಾವಣಿ ಕೊಡ್ಬೇಕು, ಮಾರ್ಕ್ಸ್ ಕಾರ್ಡ್ ಕೊಡ್ತಾರಾ?"

ವಿಜಯ್‌ಕುಮಾರ್ ಗೊಳ್ಳನೆ ನಕ್ಕರು. ಬೆಂಚಿನವರೂ ನಕ್ಕರು. ಯೋಗೇಂದ್ರನೂ ಅವರ ಜೊತೆ ನಕ್ಕ. ಕೆಂಚಮ್ಮ ಮಾತ್ರ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು.

ಸಂಜೆ ಐದೂವರೆಗೆ ಅವನ ಸ್ಕೂಟರು ಕುಂಬಾರಕೊಪ್ಪಲಿನ ಕಡೆ ತಿರುಗಿತು. ಅತ್ತಿಗೆಗೆ ಬುದ್ಧಿ ಹೇಳಬೇಕೆಂದು ಹೊರಟಿದ್ದ. ನಿಜ ಹೇಳಬೇಕೆಂದರೆ ಬೆಳಿಗ್ಗೆ ಆಡಿದ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ತಪ್ಪು ಅತ್ತಿಗೆಯದೇ ಎಂದು ಖಾತ್ರಿಯಾದರೆ ಆ ಮುಳ್ಳು ಕೆಳಗಿಳಿದೀತು ಎಂಬ ಆಸೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಬದಿ ಬೆಟ್ಟಯ್ಯನ ಇಸ್ತ್ರಿ ಮೇಜು, ಇನ್ನೊಂದು ಬದಿ ಶಾಲಿನಿಯ ಕಂಪ್ಯೂಟರು, ಪ್ರಿಂಟರು.

"ಅತ್ತಿಗೆ, ಏನ್ ಕೆಲ್ಸ ಮಾಡಿಟ್ಟಿದ್ದೀರಿ? ಆ ಲಾಸ್ಯ ಅನ್ನೋ ಹುಡ್ಗೀದು ಬಂದೇ ಇಲ್ಲ."

"ಕಳ್ಸಿದೀನಿ ಯೋಗಿ. ಬಾ ಇಲ್ಲಿ, ನೀನೇ ನೋಡು." ಶಾಲಿನಿ ಕುರ್ಚಿ ಸರಿಸಿ ಜಾಗ ಮಾಡಿದಳು. "ಅವತ್ತು ಒಂದೇ ದಿನ ಇಬ್ರು ಲಾಸ್ಯ ಬಂದಿದ್ರು. ಮೊದ್ಲು ಬಂದೋಳ ಹೆಸ್ರ ಮುಂದೆ ಒಂದು ಚುಕ್ಕಿ. ಈ ಮಗು ಎರಡ್ನೇದಾಗಿ ಬಂತು, ಇದಕ್ಕೆ ಎರಡು ಚುಕ್ಕಿ. ನಾನು ಯಾವಾಗ್ಲೂ ಹಂಗೇ ಮಾಡೋದು. ಒಬ್ಬರ್ದು ಒಬ್ಬರಿಗೆ ಸೇರ್ಕೊಬಾರ್ದು ನೋಡು. ಮಾವನ ಗುರುತೇ ಅಲ್ವಾ, ನಿಂಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ಅಂಗಿಯಾದರೆ ಕಾಲರಿನ ಒಳಮಗ್ಗುಲಲ್ಲಿ, ಸೀರೆಯಾದರೆ ಅಂಚಿನ ಮೂಲೆಯಲ್ಲಿ ಅಪ್ಪ ಗುರುತು ಹಾಕುತ್ತಿದ್ದ. ಹಿಂದೆ ಗೇರುಕಾಯಿಯ ಕಪ್ಪು ರಸದಲ್ಲಿ, ಈಗ ಒಗೆದರೂ ಹೋಗದ ಪೆನ್ನಿನಲ್ಲಿ. ಒಂದು ಚುಕ್ಕಿ ಮೇಷ್ಟ್ರ ಮನೆ, ಎರಡು ಚುಕ್ಕಿ ಪೋಸ್ಟ್‌ಮಾಸ್ಟರ ಮನೆ, ಮೂರು ಚುಕ್ಕಿಯ ಕೆಳಗೊಂದು ಗೆರೆ ಎಳೆದರೆ ಡಾಕ್ಟರ ಮನೆ. ಅಪ್ಪನಿಗೆ ಅಕ್ಷರ ಬಾರದು. ಆದರೆ ನಲವತ್ತು ವರ್ಷದಲ್ಲಿ ಒಂದು ಮನೆಯ ಕರ್ಚೀಫು ಕೂಡ ಇನ್ನೊಂದು ಮನೆಗೆ ಹೋದದ್ದಿಲ್ಲ. ಯೋಗೇಂದ್ರ ಕನ್ನಡ ಓದಲು ಕಲಿಯುವ ಮೊದಲೇ ಆ ಗುರುತುಗಳನ್ನು ಓದಲು ಕಲಿತಿದ್ದ. ಗಂಟು ಹೊತ್ತುಕೊಂಡು ಹೋಗಿ ಯಾವ ಮನೆಯದು ಯಾವುದೆಂದು ತಪ್ಪದೆ ಹಂಚಿ ಬರುತ್ತಿದ್ದ. ಅವೇ ಎರಡು ಚುಕ್ಕಿ ಪರದೆಯ ಮೇಲೆ ಕಂಡಾಗ ಅವನಿಗೆ ಕೊಳಕು ಅನ್ನಿಸಿತ್ತು.

ಎರಡು ಚುಕ್ಕಿ ಒಂದಾದದ್ದೇ ತಡ ಇಬ್ಬರು ಲಾಸ್ಯರ ಹೆಸರೂ ಒಂದೇ ಆಗಿ, ಒಂದು ಫೈಲಿನ ಮೇಲೆ ಇನ್ನೊಂದು ಕೂತು, ಅಡಿಯದು ಅಳಿಸಿಹೋಗಿತ್ತು. ಕಾಣೆಯಾದ ಆ ಒಂದು ಫೈಲು ಇದೇ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇವನು ಒರೆಸಿದ್ದು ತನ್ನ ಮನೆಯ ಬಾಯಿಗೇ. ಯೋಗೇಂದ್ರ ಅತ್ತಿಗೆಯ ಮುಖ ನೋಡಲು ನಾಚಿಕೆಯಾಗಿ ಪರದೆಯನ್ನೇ ನೋಡುತ್ತ ಕೂತ.

"ಆವಮ್ಮ ಮಧ್ಯಾಹ್ನ ಬಂದಿತ್ತು ಕಣ್ ಮಗ" ಅಂದ ಬೆಟ್ಟಯ್ಯ, ಇಸ್ತ್ರಿ ಮಾಡುತ್ತಲೇ. "ಅತ್ಕಂಡು ತಂಗಿ ಮನೆಗೆ ಹೋಯ್ತು. ನಿಮ್ಮಾಪೀಸಲ್ಲಿ ಯಾರೋ ಒಬ್ಬ ಇಸ್ತ್ರಿ ಅಂಗ್ಡಿ ಅಂತ ಆಡ್ಕಂಡು ನಕ್ಕನಂತೆ. ನಕ್ಕಂಡ್ಲಿ ಬುಡು, ನಮ್ಗೇನು. ಆ ಮಗೀಗೊಂದು ದಾರಿ ಮಾಡು."

"ನಾನಲ್ಲಿರೋದು ಹೇಳಿದ್ಯಾ?" ಎಂದು ಯೋಗೇಂದ್ರನ ಬಾಯಿಂದ ಬಂದುಬಿಟ್ಟಿತು. ಇಷ್ಟರ ಮೇಲೂ ಅವನು ಕೇಳಿದ್ದು ಅದನ್ನೇ.

"ಇಲ್ಲ ಕಣಪ್ಪ. ನಿಂಗೆ ಇಷ್ಟ ಆಗಾಕಿಲ್ಲ ಅಂತ ಹೇಳ್ಲಿಲ್ಲ."

ಬೆಟ್ಟಯ್ಯ ಅದನ್ನು ಆಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ. ಮಗನಿಗೆ ಬದನೆಕಾಯಿ ಸೇರದು ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ. ಅದಕ್ಕಿಂತ ಎರಡು ಬಿಗಿದಿದ್ದರೆ ಯೋಗೇಂದ್ರನಿಗೆ ಹಗುರವಾಗುತ್ತಿತ್ತು. ಅತ್ತಿಗೆ ಕಾಫಿ ತರುವುದರೊಳಗೆ ಏನೋ ನೆಪ ಹೇಳಿ ಎದ್ದು ಬಂದ.

ಮರುದಿನ ಹನ್ನೊಂದು ಗಂಟೆಗೆ ಸಮಿತಿ ಸೇರಿ ಕೊನೆಯ ಪಟ್ಟಿಗೆ ಸಹಿ ಹಾಕುವುದಿತ್ತು. ಸಹಿ ಬಿದ್ದ ಮೇಲೆ ಬ್ರಹ್ಮ ಬಂದರೂ ಬದಲಾಗದು. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ರಾಜೀವನಗರದಿಂದ ಹೊರಟಾಗ ಯೋಗೇಂದ್ರ ಅಂದುಕೊಂಡಿದ್ದ. ಕಚೇರಿಯ ಮೆಟ್ಟಿಲು ಹತ್ತುವಾಗ ಎಲ್ಲವೂ ಅರ್ಧವಾಯಿತು. ವಿಜಯ್‌ಕುಮಾರ್ ಎದುರಿಗೆ ನಿಂತಾಗ ಉಳಿದದ್ದು ಇಷ್ಟೇ:

"ಸಾರ್, ಆ ಲಾಸ್ಯದು ಇನ್ನೊಂದ್ಸಲ ನೋಡ್ಬಹುದೇನೋ. ಅಂಗಡಿಯವ್ರ ಹತ್ರ ಕಾಪಿ ಇದೆಯಂತೆ."

"ಕಾಪಿ ಯಾರು ಬೇಕಾದ್ರೂ ಇವತ್ತು ಮಾಡ್ಕೋತಾರೆ ಕಣ್ರೀ. ಟೈಮೊಳಗೆ ಕಳ್ಸಿದ್ರು ಅನ್ನೋದಕ್ಕೆ ಏನಾದ್ರೂ ಪುರಾವೆ ಇದ್ರೆ ತಗೊಂಡು ಬರೋಕೆ ಹೇಳಿ."

ಯೋಗೇಂದ್ರ ಶಾಲಿನಿಗೆ ಫೋನು ಮಾಡಿದ. ಅವಳು ಬಂದರೆ ಹೇಗೋ ಕಣ್ಸನ್ನೆಯಲ್ಲಿ ನಿಭಾಯಿಸಬಹುದು ಎಂಬ ಲೆಕ್ಕ. ಆದರೆ ಹನ್ನೊಂದೂವರೆಗೆ ಕೆಂಚಮ್ಮ ಮತ್ತು ಲಾಸ್ಯರ ಹಿಂದೆ ಬಾಗಿಲಲ್ಲಿ ಕಂಡದ್ದು ಬೆಟ್ಟಯ್ಯ. ತಾನೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಉದ್ದನೆಯ ನೋಟ್ ಪುಸ್ತಕ. ಮಗನ ಕಚೇರಿಗೆ ಅವನು ಬಂದದ್ದು ಇದೇ ಮೊದಲು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಮಗನ ಕಡೆ ಒಮ್ಮೆಯೂ ತಿರುಗಲಿಲ್ಲ. ಗುರುತಿಲ್ಲದವನ ಹಾಗೆ ವಿಜಯ್‌ಕುಮಾರ್ ಅವರಿಗೆ ಕೈ ಮುಗಿದ.

"ಸೊಸೆಗೆ ಅಂಗಡಿ ಬುಟ್ಟು ಬರಕ್ಕಾಗ್ಲಿಲ್ಲ ಸ್ವಾಮಿ. ಚುಕ್ಕಿ ಲೆಕ್ಕ ನಂದೇ ಅಲ್ವಾ, ನಾನೇ ಬಂದೆ."

ಸಮಿತಿಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಸುಚಿತ್ರಾ ಮೇಡಂ ಇದ್ದರು. ಅವರು ಪುಸ್ತಕ ತೆಗೆದುಕೊಂಡು ತಿರುವಿದರು. ಶಾಲಿನಿ ದಿನವೂ ಬಂದವರ ಹೆಸರು ಬರೆದು, ಒಂದೇ ಹೆಸರಿನವರಿಗೆ ಚುಕ್ಕಿ ಹಾಕಿ, ಎದುರಿಗೆ ಅವರ ಸಹಿ ಹಾಕಿಸಿಕೊಂಡಿದ್ದಳು. ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಮುಂಚೆ ಲಾಸ್ಯ, ಒಂದು ಚುಕ್ಕಿ. ಅದರ ಕೆಳಗೆ ಲಾಸ್ಯ, ಎರಡು ಚುಕ್ಕಿ. ಪಕ್ಕದಲ್ಲಿ ಹುಡುಗಿಯ ದುಂಡು ಅಕ್ಷರದ ಸಹಿ. ಬೆಟ್ಟಯ್ಯ ಬಗ್ಗಿ ಬೆರಳಿಟ್ಟು, ಯಾವ ಚುಕ್ಕಿ ಯಾಕೆ ಎಂದು ನಿಧಾನವಾಗಿ ವಿವರಿಸಿದ. ಬಟ್ಟೆಯ ಗುರುತಿನಿಂದ ಶುರು ಮಾಡಿ ಕಂಪ್ಯೂಟರಿನವರೆಗೆ ಬಂದ. ಅವನ ದನಿಯಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು.

"ಇವ್ರು ಹೇಳೋದು ಸರಿಯಾಗೇ ಇದೆ" ಅಂದರು ಸುಚಿತ್ರಾ ಮೇಡಂ. "ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿರೋರು ಕಳಿಸದೆ ಇರ್ತಾರಾ? ನಮ್ಮ ಕಡೇನೇ ಏನಾದ್ರೂ ಆಗಿರಬೇಕು."

ವಿಜಯ್‌ಕುಮಾರ್ ಮೂಲೆಯ ಕಡೆ ತಿರುಗಿದರು. "ಏನ್ರೀ ಯೋಗೇಂದ್ರ, ನೀವು ಅವತ್ತು ಹೆಸರೆಲ್ಲ ಸರಿ ಮಾಡಿದ್ರಲ್ಲ. ಆಗೇನಾದ್ರೂ ಒಂದು ಕಳೆದುಹೋಯ್ತಾ?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಖಾಯಂ ಆಗುವ ಆದೇಶವೂ ಅದೇ ಮೇಜಿನ ಮೇಲೆ, ಸಹಿಗಾಗಿ ಕಾಯುತ್ತ ಇತ್ತು. ಯೋಗೇಂದ್ರ ಎದ್ದು ನಿಂತ.

"ಇಲ್ಲ ಸಾರ್. ಹಾಗೇನೂ ಆಗಿಲ್ಲ."

ಆಗ ಬೆಟ್ಟಯ್ಯ ಮೊದಲ ಸಲ ಮಗನ ಕಡೆ ನೋಡಿದ. ಚಿಕ್ಕಂದಿನಲ್ಲಿ ಯಾರದೋ ಅಂಗಿಯ ಗುಂಡಿ ಕಿತ್ತು ನಾನಲ್ಲ ಎಂದಾಗಲೂ ಇವನ ಮುಖ ಹೀಗೇ ಇರುತ್ತಿತ್ತು. ಹೆತ್ತವನಿಗೆ ಅಷ್ಟು ಸಾಕಾಯಿತು. ಪುಸ್ತಕವನ್ನು ಮೇಡಮ್ಮಿನ ಮುಂದಿನಿಂದ ಮೆಲ್ಲಗೆ ಎಳೆದುಕೊಂಡ.

"ನಮ್ದೇ ತಪ್ಪಿರ್ಬೇಕು ಸ್ವಾಮಿ" ಅಂದ. "ಪುಸ್ತಕದಲ್ಲಿ ಬರ್ಕಂಡವ್ಳೆ, ಕಳ್ಸೋದು ಮರ್ತವ್ಳೆ. ಇಸ್ತ್ರಿ ಅಂಗಡಿ, ಗಲಾಟೆ. ನಿಮ್ಮ ಹುಡುಗ್ರು ಏನೂ ಮಾಡಿಲ್ಲ."

"ಏನಣ್ಣ ಇಂಗಂತೀಯ?" ಕೆಂಚಮ್ಮನ ದನಿ ಒಡೆಯಿತು. "ದಾರೀಲೆಲ್ಲ ಕಳ್ಸಿದೀವಿ, ಹೆದರ್ಬ್ಯಾಡ ಅಂತ ಹೇಳ್ಕಂಡು ಬಂದು ಈಗ ಇಂಗಂದ್ರೆ ನನ್ ಮಗಳ ಗತಿ ಏನಣ್ಣ?"

ಬೆಟ್ಟಯ್ಯ ತಲೆ ತಗ್ಗಿಸಿ ನಿಂತ. ನಲವತ್ತು ವರ್ಷದಲ್ಲಿ ಒಬ್ಬರ ಬಟ್ಟೆ ಒಬ್ಬರಿಗೆ ಕೊಟ್ಟವನಲ್ಲ, ಇವತ್ತು ಸುಳ್ಳೇ ತಪ್ಪು ಒಪ್ಪಿಕೊಂಡು ನಿಂತಿದ್ದ. ಲಾಸ್ಯ ಅಳಲಿಲ್ಲ; ಅವ್ವನ ತೋಳು ಹಿಡಿದು, ಹೋಗೋಣ ಬಾವ್ವ ಅಂದಳು. ವಿಜಯ್‌ಕುಮಾರ್ ಪೆನ್ನಿನ ಕ್ಯಾಪು ತೆಗೆದು ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸಾರ್, ಸಹಿ ಹಾಕ್ಬೇಡಿ" ಅಂದ ಯೋಗೇಂದ್ರ.

ಅವನ ದನಿ ಅವನಿಗೇ ಬೇರೆಯವರದರ ಹಾಗೆ ಕೇಳಿಸಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಚುಕ್ಕಿ ಅಳಿಸಿದ್ದು ನಾನು. ಎರಡು ಹೆಸರು ಒಂದಾಗಿ ಫೈಲು ಹೋದದ್ದು ನನ್ನಿಂದ. ಒಂದು ಕಡಿಮೆಯಾದದ್ದನ್ನು ಅವತ್ತೇ ಕಂಡಿದ್ದೆ, ಹುಡುಕುವ ಗೋಜಿಗೆ ಹೋಗಲಿಲ್ಲ. ನಿನ್ನೆ ಸಂಜೆಯೇ ಎಲ್ಲ ಗೊತ್ತಾಗಿತ್ತು, ಈಗ ನಿಮ್ಮ ಮುಂದೆ ಸುಳ್ಳು ಹೇಳಿದೆ. ಎಲ್ಲ ಹೇಳಿ ಮುಗಿಸಿದ ಮೇಲೂ ಒಂದು ಉಳಿದಿತ್ತು.

"ಇವ್ರು ಸುಮ್ನೆ ತಪ್ಪು ಹೊತ್ಕೊಂಡಿದ್ದಾರೆ, ನನ್ನ ಉಳ್ಸೋಕೆ. ಇವ್ರು ನಮ್ಮಪ್ಪ."

ವಿಜಯ್‌ಕುಮಾರ್ ಪೆನ್ನಿಗೆ ಕ್ಯಾಪು ಹಾಕಿದರು. ಯೋಗೇಂದ್ರನ ಆದೇಶದ ಹಾಳೆಯನ್ನು ಎತ್ತಿ ಫೈಲಿನ ಅಡಿಗೆ ತಳ್ಳಿದರು. ಸುಚಿತ್ರಾ ಮೇಡಂ ಮಾತ್ರ ತಡಮಾಡದೆ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಲಾಸ್ಯಳ ಹೆಸರನ್ನು ಅಂಕದ ಪ್ರಕಾರ ಸೇರಬೇಕಾದ ಜಾಗದಲ್ಲಿ ತಮ್ಮ ಕೈಯಿಂದಲೇ ಬರೆದರು. ಅದು ಏಳನೆಯ ಜಾಗ. ಹುಡುಗಿ ಆಗ ಅತ್ತಳು.

ಸೀಟು ಸಿಕ್ಕ ಖುಷಿಯಲ್ಲಿ ಕೆಂಚಮ್ಮ ಎಲ್ಲರಿಗೂ ಕೈ ಮುಗಿಯುತ್ತ ಬಂದಳು. ಯೋಗೇಂದ್ರನ ಮುಂದೆ ಬಂದಾಗ ಕೈ ನಿಂತಿತು. ಅವನ ಮುಖ ನೋಡಿದಳು, ಬೆಟ್ಟಯ್ಯನ ಮುಖ ನೋಡಿದಳು, ಮತ್ತೆ ಅವನನ್ನು ನೋಡಿದಳು. ಬೈಯುವ ಮನಸ್ಸು ಅವಳಿಗಿರಲಿಲ್ಲ. ಆಶ್ಚರ್ಯವನ್ನು ತಡೆಯಲಾಗಲಿಲ್ಲ, ಅಷ್ಟೇ.

"ಹೆತ್ತಪ್ಪನ ಅಂಗಡಿಗೇ ಅಲ್ವೇನಪ್ಪ ನೀನು ನೆನ್ನೆ ಅಂಗೆ ಆಡ್ಕಂಡು ನಕ್ಕಿದ್ದು?"

ಅಳಿಸಿದ್ದನ್ನು ಒಪ್ಪಿಕೊಂಡಿದ್ದ, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಿದ್ದ. ಇದೊಂದರ ಬಗ್ಗೆ ಮಾತ್ರ ಯೋಗೇಂದ್ರ ಬಾಯಿ ಬಿಟ್ಟಿರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆಟ್ಟಯ್ಯ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಳ್ಳುತ್ತಿದ್ದವನು ಹಾಗೇ ನಿಂತ. ಕೆಂಚಮ್ಮನ ಮಾತು ಅವನಿಗೆ ತಲುಪಲು ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಬಾಗಿಲ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

ಯೋಗೇಂದ್ರ ಹಿಂದೆಯೇ ಓಡಿ ಬಂದ. "ಅಪ್ಪ, ತಡಿ, ಸ್ಕೂಟರಲ್ಲಿ ಬಿಟ್ಟುಬರ್ತೀನಿ" ಅಂದ. ಬೇರೆ ಮಾತು ತೋಚಲಿಲ್ಲ.

"ಬ್ಯಾಡ, ಬಸ್ಸಿದೆ" ಅಂದ ಬೆಟ್ಟಯ್ಯ. ಕೋಪದ ಸುಳಿವೂ ಇರಲಿಲ್ಲ ಆ ದನಿಯಲ್ಲಿ. "ನಿಮ್ಗೆ ಕೆಲ್ಸ ಇರ್ತದೆ, ನೋಡ್ಕಳಿ. ನಾವು ಬತ್ತೀವಿ."

ಹುಟ್ಟಿದಾಗಿನಿಂದ ಅಪ್ಪ ಅವನನ್ನು ಮಗ ಅಂದಿದ್ದ, ಲೋ ಅಂದಿದ್ದ, ಸಿಟ್ಟು ಬಂದಾಗ ಕತ್ತೆ ಅಂದಿದ್ದ. ನೀವು ಎಂದು ಕರೆದದ್ದು ಇವತ್ತೇ.